ಸಹಪಾಠಿಯ ಗುಟ್ಟು ಮತ್ತು ಸ್ನೇಹಧರ್ಮ

ಸ್ನೇಹಿತನು ನಂಬಿ ಹೇಳಿದ ಗುಟ್ಟನ್ನು ಬಯಲು ಮಾಡಬಾರದೆಂಬುದು ಲೋಕಸಮ್ಮತವಾದ ನೀತಿ. ಆದರೆ ಆ ಗುಟ್ಟೇ ಸ್ನೇಹಿತನ ಪ್ರಾಣಕ್ಕೆ ಎರವಾಗುವಂತಿದ್ದರೆ ಕರ್ತವ್ಯವೇನು? ಆಗ ಮೌನವು ಸ್ನೇಹವೇ, ದ್ರೋಹವೇ? ಪ್ರಶ್ನೆ ಹಳೆಯದಾದರೂ ಇಂದು ನಮ್ಮ ವಿದ್ಯಾರ್ಥಿಗಳ ಮುಂದೆ ಅದು ಹೊಸ ರೂಪದಲ್ಲಿ ನಿಂತಿದೆ. ಮಾದಕ ವಸ್ತುವೆಂದೊಡನೆ ಗಾಂಜಾ, ಅಫೀಮುಗಳನ್ನು ನೆನೆಯುವ ನಾವು, ವೈದ್ಯರ ಚೀಟಿಯ ಮೂಲಕವೇ ಮನೆಯೊಳಗೆ ಬರುವ ನೋವಿನ ಮಾತ್ರೆಯನ್ನು ಸಂಶಯಿಸುವುದಿಲ್ಲ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಬೆಳ್ಮಣ್ಣಿನಿಂದ ನಿಟ್ಟೆಗೋ ಕಾರ್ಕಳಕ್ಕೋ ದಿನವೂ ಬಸ್ಸಿನಲ್ಲಿ ಹೋಗಿಬರುವ ಇಬ್ಬರು ಸಹಪಾಠಿಗಳು. ಒಬ್ಬನು ಪಡುಬಿದ್ರಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡನು. ವೈದ್ಯರು ಕೆಲವು ದಿನಗಳ ಮಟ್ಟಿಗೆ ಟ್ರಮಡಾಲ್ ಮಾತ್ರೆ ಬರೆದುಕೊಟ್ಟರು. ಮೂಳೆ ಕೂಡಿತು, ಮಾತ್ರೆ ಬಿಡಲಿಲ್ಲ. ಒಂದರ ಸ್ಥಾನದಲ್ಲಿ ಮೂರಾಯಿತು. ಹಳೆಯ ಚೀಟಿಯನ್ನು ಹಿಡಿದು ಒಂದು ಊರಿನ ಅಂಗಡಿಯಿಂದ ಇನ್ನೊಂದು ಊರಿನ ಅಂಗಡಿಗೆ ಅಲೆದಾಟ, ತರಗತಿಯಲ್ಲಿ ತೂಕಡಿಕೆ, ಪದೇ ಪದೇ ಸಾಲ. ಕೊನೆಗೆ ಗೆಳೆಯನ ಕೈಹಿಡಿದು, "ಅಮ್ಮನಿಗೆ ಹೇಳುವುದಿಲ್ಲವೆಂದು ದೇವರಾಣೆ ಮಾಡು" ಎಂದನು. ಗೆಳೆಯನು ಆಣೆಯಿಟ್ಟನು.

ಇಲ್ಲಿ ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಪ್ಯಾರಸಿಟಮಾಲ್‌ನಂತಹ ಸಾಮಾನ್ಯ ಮಾತ್ರೆಗಳು ಇಂತಹ ಚಟವನ್ನು ಹಿಡಿಸುವುದಿಲ್ಲ. ಕೊಡೀನ್, ಟ್ರಮಡಾಲ್, ಟಾಪೆಂಟಡಾಲ್, ಮಾರ್ಫಿನ್ ಮೊದಲಾದವು ಅಫೀಮಿನಂತೆಯೇ ಮೆದುಳಿನ ಮೇಲೆ ವರ್ತಿಸತಕ್ಕವು. ಬಹುಕಾಲ ಸೇವಿಸಿದರೆ ದೇಹವು ಅವುಗಳಿಗೆ ಒಗ್ಗಿಹೋಗಿ, ಅದೇ ಫಲಕ್ಕೆ ಹೆಚ್ಚು ಪ್ರಮಾಣವನ್ನು ಬೇಡುತ್ತದೆ. ತಟ್ಟನೆ ನಿಲ್ಲಿಸಿದರೆ ಮೈಕೈ ನೋವು, ಕಣ್ಣು ಮೂಗಿನಲ್ಲಿ ನೀರು, ಆಕಳಿಕೆ, ಭೇದಿ, ನಿದ್ರಾಹೀನತೆ, ಕಳವಳಗಳು ತಲೆದೋರುತ್ತವೆ. ಸುಖಕ್ಕಾಗಿ ನುಂಗುವ ಹಂತ ದಾಟಿ, ಈ ಸಂಕಟವನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ನುಂಗುವ ಹಂತ ಬರುತ್ತದೆ. ಇದನ್ನು ಕೇವಲ ದುರ್ಬುದ್ಧಿಯೆಂದು ಕರೆಯುವುದು ಯುಕ್ತವಲ್ಲ. ಇದು ಚಿಕಿತ್ಸೆಯನ್ನು ಬೇಡುವ ವ್ಯಾಧಿ.

ಇದು ವಿರಳವಾದ ವ್ಯಾಧಿಯೂ ಅಲ್ಲ. ಕೇಂದ್ರ ಸರಕಾರದ ಪರವಾಗಿ ದಿಲ್ಲಿಯ ಏಮ್ಸ್ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 2 ಕೋಟಿ 26 ಲಕ್ಷ ಮಂದಿ ಅಫೀಮಿನ ವರ್ಗದ ಪದಾರ್ಥಗಳನ್ನು ಬಳಸುತ್ತಿದ್ದರು. ಔಷಧಿಯ ರೂಪದಲ್ಲಿ ಬಳಸುವವರೇ ಜನಸಂಖ್ಯೆಯ ನೂರಕ್ಕೆ ಸುಮಾರು ಒಬ್ಬರು. ಅಮೆರಿಕದಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಮಾರುಕಟ್ಟೆಗೆ ಬಂದಿತು. ಅದು ಚಟ ಹಿಡಿಸುವ ಭಯ ಕಡಿಮೆಯೆಂದು ತಪ್ಪು ತಿಳಿವಳಿಕೆ ನೀಡಿ ಮಾರಿದ್ದನ್ನು ಕಂಪನಿಯು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಹಾಳಾಗಿದ್ದವು. ವೈದ್ಯರ ಚೀಟಿ ಇತ್ತೆಂಬುದು ಅಲ್ಲಿ ಯಾರನ್ನೂ ಕಾಪಾಡಲಿಲ್ಲ.

ಇನ್ನು ಧರ್ಮವಿಚಾರ. "ಅವನು ತಾನೇ ನುಂಗಿದನು, ತಾನೇ ಅನುಭವಿಸಲಿ, ನಮಗೇಕೆ ಪರರ ಗೊಡವೆ?" ಎಂಬುದು ಮೊದಲನೆಯ ಪೂರ್ವಪಕ್ಷ. ಬಾವಿಗೆ ಬಿದ್ದವನು ಎಡವಿ ಬಿದ್ದನೋ ಹಾರಿದನೋ ಎಂದು ವಿಚಾರಿಸಿದ ಬಳಿಕ ಹಗ್ಗ ಇಳಿಬಿಡುವವರುಂಟೇ? ಅವನ ಕರ್ಮವು ಅವನದು; ಕಂಡೂ ಸುಮ್ಮನಿದ್ದ ಕರ್ಮವು ನಮ್ಮದು.

"ಆಣೆಯಿಟ್ಟ ಮೇಲೆ ಮಾತು ತಪ್ಪುವುದು ಅಸತ್ಯವಲ್ಲವೇ?" ಎಂಬುದು ಎರಡನೆಯದು, ಇದೇ ನಿಜವಾಗಿ ಕಠಿಣವಾದದ್ದು. ಮಹಾಭಾರತದ ಕರ್ಣಪರ್ವದಲ್ಲಿ ಅರ್ಜುನನಿಗೂ ಇಂತಹದೇ ಸಂಕಟ ಒದಗಿತ್ತು. ಗಾಂಡೀವವನ್ನು ಪರರಿಗೆ ಕೊಡೆಂದವನನ್ನು ಕೊಲ್ಲುವೆನೆಂದು ಆತನು ವ್ರತ ತೊಟ್ಟಿದ್ದನು. ಹಾಗೆ ಹೇಳಿದವನು ಸ್ವಂತ ಅಣ್ಣನಾದ ಧರ್ಮರಾಜನೇ ಆದಾಗ ಕತ್ತಿಯನ್ನು ಹಿರಿದನು. ಶ್ರೀಕೃಷ್ಣನು ತಡೆದು, ಕೌಶಿಕನ ಕಥೆಯನ್ನು ಹೇಳಿದನು. ಸತ್ಯವನ್ನೇ ನುಡಿಯುವೆನೆಂಬ ಹಟದಿಂದ ಅಡಗಿದ್ದವರ ದಾರಿಯನ್ನು ಕಳ್ಳರಿಗೆ ತೋರಿಸಿ, ಆ ನಿರಪರಾಧಿಗಳ ಮರಣಕ್ಕೆ ಕಾರಣನಾದ ಕೌಶಿಕನು ನರಕವನ್ನು ಪಡೆದನು. ಪ್ರಾಣವನ್ನು ಉಳಿಸಬೇಕಾದಲ್ಲಿ ಮಾತಿನ ಅಕ್ಷರವನ್ನು ಮಾತ್ರ ಹಿಡಿದು ಕೂರುವುದು ಧರ್ಮವಲ್ಲವೆಂಬುದೇ ಅಲ್ಲಿಯ ತಾತ್ಪರ್ಯ.

ಹಾಗೆಂದು ಆಣೆಯನ್ನು ಹಗುರವಾಗಿ ಮುರಿಯಬಹುದೆಂದಲ್ಲ. ಗೆಳೆಯನಿಗೆ ಎರಡು ಗುಟ್ಟುಗಳಿವೆ: ಒಂದು ಆತನ ಮಾನದ್ದು, ಇನ್ನೊಂದು ಆತನ ವ್ಯಾಧಿಯದು. ಮಾನವನ್ನು ಕಾಯಬೇಕು, ವ್ಯಾಧಿಯನ್ನು ಕಾಯಬಾರದು. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಮೊಬೈಲಿನ ಗುಂಪಿನಲ್ಲಿ ಆಡಿದರೆ ಅದು ಚಾಡಿ. ಕಾಪಾಡಬಲ್ಲ ಒಬ್ಬರಿಗೆ ಮಾತ್ರ ಹೇಳಿದರೆ ಅದು ರಕ್ಷಣೆ. ಅದನ್ನೂ ಬೆನ್ನ ಹಿಂದೆ ಮಾಡದೆ, "ನಿನ್ನೊಡನೆ ನಾನೂ ಬರುತ್ತೇನೆ, ಇಬ್ಬರೂ ಸೇರಿ ಹೇಳೋಣ" ಎಂದು ಮೊದಲು ಕರೆಯುವುದು ಉತ್ತಮ. ಒಪ್ಪದಿದ್ದರೆ, ಅಪಾಯ ಕಂಡಾಗ ತಾನು ಹೇಳಲೇಬೇಕಾಗುವುದೆಂದು ಆತನಿಗೇ ತಿಳಿಸಿಡಬೇಕು.

ಸಂಶಯವನ್ನೇ ನಿಶ್ಚಯವೆಂದು ಭಾವಿಸತಕ್ಕದ್ದಲ್ಲ. ನಿಜವಾದ ನೋವಿನಿಂದ ನರಳುವವನೂ ಮಾತ್ರೆ ನುಂಗುತ್ತಾನೆ. ಅರ್ಬುದ ರೋಗಿಗೆ ವೈದ್ಯರು ಕೊಡುವ ಮಾರ್ಫಿನ್ ಮಹೋಪಕಾರಿ. ಆದುದರಿಂದ ಏಕಾಂತದಲ್ಲಿ, ಆತನು ಸ್ವಸ್ಥನಾಗಿರುವಾಗ, ಆಪಾದಿಸದೆ ಕಂಡದ್ದನ್ನಷ್ಟೇ ಹೇಳಿ ಕೇಳಬೇಕು. ಹೇಳುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳಬೇಕು. ಮಾತ್ರೆಗಾಗಿ ಹಣ ಕೊಡುವುದು, ತನ್ನ ಮನೆಯವರ ಚೀಟಿ ಕೊಡುವುದು, ಹಾಜರಿಗೆ ಸುಳ್ಳು ಹೇಳುವುದು, ಇವು ಮೂರೂ ಸಲ್ಲವು. ಟ್ರಮಡಾಲ್ 2018ರಿಂದ ಮಾದಕ ದ್ರವ್ಯಗಳ ಕಾಯಿದೆಯ ವ್ಯಾಪ್ತಿಗೆ ಬಂದಿದೆಯೆಂಬುದನ್ನೂ ಮರೆಯಬಾರದು. ಮಾತ್ರೆಗಳನ್ನು ಕಸಿದು ಎಸೆಯುವುದೂ ತಪ್ಪು. ತಟ್ಟನೆ ನಿಲ್ಲಿಸದೆ, ವೈದ್ಯರ ಮಾರ್ಗದರ್ಶನದಲ್ಲಿಯೇ ಇಳಿಸಬೇಕು.

ವೈದ್ಯರಲ್ಲಿಗೆ ಹೋದರೆ ಊರಿಗೆಲ್ಲ ತಿಳಿಯುವುದೆಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮಾದಕ ವ್ಯಸನವನ್ನೂ ತನ್ನ ವ್ಯಾಪ್ತಿಗೆ ಸೇರಿಸಿ, ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕೆಂದು ವಿಧಿಸಿದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದರೆ ಯಾವ ಆಣೆಯನ್ನೂ ನೆನೆಯದೆ 108ಕ್ಕೆ ಕರೆ ಮಾಡಿ, ಮಗ್ಗುಲಾಗಿ ಮಲಗಿಸಿ, ಜೊತೆಯಲ್ಲಿಯೇ ಇರಬೇಕು. ಕೆಲಕಾಲ ಬಿಟ್ಟವನು ಮತ್ತೆ ಹಳೆಯ ಪ್ರಮಾಣದಲ್ಲಿಯೇ ನುಂಗಿದರೆ ಅದು ಮಾರಕವಾಗಬಹುದು. ಒಮ್ಮೆ ಜಾರಿದನೆಂದು ಕೈಬಿಡದೆ, ಆಗಲೇ ಹೆಚ್ಚು ಹತ್ತಿರವಿರಬೇಕು.

ಕೊನೆಯದಾಗಿ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. "ಅಮ್ಮನಿಗೆ ಹೇಳಬೇಡ" ಎಂದು ಮಗನು ಆಣೆ ಹಾಕಿಸಿಕೊಳ್ಳುವುದು ಏಕೆ? ಮನೆತನದ ಮರ್ಯಾದೆ ತನ್ನ ಪ್ರಾಣಕ್ಕಿಂತ ದೊಡ್ಡದೆಂದು ಆತನು ನಮ್ಮಿಂದಲೇ ಕಲಿತಿದ್ದರೆ ಆ ಗುಟ್ಟಿನಲ್ಲಿ ನಮ್ಮ ಪಾಲೂ ಇದೆ. ಮಗನ ಸಹಪಾಠಿಯೊಬ್ಬನು ಮನೆಯ ಜಗಲಿಗೆ ಬಂದು ಅಳುಕುತ್ತ ಇಂತಹ ಮಾತನ್ನು ಹೇಳಿದರೆ ಗದರಿಸಿ ಕಳುಹಿಸದೆ, ಒಳಗೆ ಕರೆದು ಕುಳ್ಳಿರಿಸಿ ಪೂರ್ತಿಯಾಗಿ ಕೇಳಬೇಕು. ಆಣೆಯ ಭಾರವನ್ನು ಹೊತ್ತು ಆತನು ಅಲ್ಲಿಯವರೆಗೆ ಬಂದಿರುತ್ತಾನೆ.