ವಿದ್ಯೆಯ ಆಯ್ಕೆ ಮತ್ತು ಹೊಣೆಗಾರಿಕೆ

ಮಕ್ಕಳು ಯಾವ ವಿದ್ಯೆಯನ್ನು ಆರಿಸಿಕೊಳ್ಳಬೇಕು ಎಂಬುದನ್ನು ನಾವು ಸಾಮಾನ್ಯವಾಗಿ ಸಂಪಾದನೆಯ ಪ್ರಶ್ನೆಯೆಂದೇ ಭಾವಿಸುತ್ತೇವೆ. ಅದು ನೀತಿಯ ಪ್ರಶ್ನೆಯೂ ಹೌದೆಂಬುದು ನನಗೆ ತಡವಾಗಿ ತಿಳಿಯಿತು.

ನನ್ನ ತಂಗಿಯ ಮಗಳು ಸಿವಿಲ್ ಎಂಜಿನಿಯರಿಂಗ್‌ನ ಮೂರನೆಯ ವರ್ಷದಲ್ಲಿದ್ದಾಳೆ. ಸೇತುವೆ, ಅಣೆಕಟ್ಟುಗಳ ವಿನ್ಯಾಸದಲ್ಲಿ ಅವಳಿಗೆ ಒಲವು. ಆದರೆ ಸಹಪಾಠಿಗಳಲ್ಲಿ ಅನೇಕರು ತಮ್ಮ ವಿಷಯವನ್ನು ಬದಿಗಿಟ್ಟು ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾರೆ. "ಮಾವ, ನಾನೂ ಹಾಗೆಯೇ ಮಾಡಲೇ?" ಎಂದು ಕೇಳಿದಳು. ನಾನು ಒಡನೆಯೇ ಉತ್ತರಿಸಲಾರದೆ ಹೋದೆ. ಏಕೆಂದರೆ 2004ರಲ್ಲಿ ಸಿವಿಲ್ ಓದುತ್ತಿದ್ದ ನನ್ನ ಮಗನೂ ಇದನ್ನೇ ಕೇಳಿದ್ದ. "ಕಾಲಕ್ಕೆ ತಕ್ಕಂತೆ ನಡೆಯಬೇಕು" ಎಂದು ಹೇಳಿ ನಾನು ಅವನನ್ನು ಪ್ರೋಗ್ರಾಮಿಂಗ್ ಕಡೆಗೆ ತಿರುಗಿಸಿದ್ದೆ. ಅಂದು ನಾನು ವಿಚಾರಿಸಿದ್ದು ಸಂಬಳವನ್ನೇ ಹೊರತು ಅವನ ಒಲವನ್ನಲ್ಲ. ಪರಿಗ್ರಹಕ್ಕೆ ಮಿತಿಯಿರಬೇಕೆಂದು ದಶಲಕ್ಷಣ ಪರ್ವದಲ್ಲಿ ಭಕ್ತಿಯಿಂದ ಕೇಳುವ ನಾವು, ಮಕ್ಕಳ ಓದಿನ ಮಾತು ಬಂದಾಗ ಆ ಮಿತಿಯನ್ನು ಮರೆಯುತ್ತೇವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ರೈತರು ನಂಬಿದ ನೀರು ನದಿಗೆ ಹರಿಯತೊಡಗಿತು. ಆಗ ಕರೆಸಿದ್ದು ಅಣೆಕಟ್ಟಿನ ಗೇಟುಗಳ ವಿದ್ಯೆಯಲ್ಲೇ ಬಾಳು ಸವೆಸಿದ ಇಳಿವಯಸ್ಸಿನ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿ, ಆಗಸ್ಟ್ 17ರ ವೇಳೆಗೆ ಹರಿವನ್ನು ತಡೆಯಲಾಯಿತು. ಆ ವಾರ ಮಗ ದೂರವಾಣಿಯಲ್ಲಿ ಹೇಳಿದ: "ಅಪ್ಪಾ, ನನಗೆ ಯಾವ ಕೊರತೆಯೂ ಇಲ್ಲ. ಆದರೆ ಇದೊಂದನ್ನು ನಾನು ಪೂರ್ತಿ ಬಲ್ಲೆ, ನನ್ನನ್ನು ಕೇಳಿ ಎಂದು ಹೇಳಲು ನನ್ನ ಬಳಿ ಏನೂ ಇಲ್ಲ." ಅದು ದೂರಾಗಿರಲಿಲ್ಲ, ಆದರೂ ನನಗೆ ದೂರಿನಂತೆಯೇ ಕೇಳಿಸಿತು.

ಕಂಪ್ಯೂಟರೇ ಎಲ್ಲವನ್ನೂ ಲೆಕ್ಕ ಹಾಕುವಾಗ ವಿಶೇಷ ವಿದ್ಯೆಯೇಕೆ ಎಂದು ಕೇಳುವವರಿದ್ದಾರೆ. 1991ರ ಆಗಸ್ಟ್ 23ರಂದು ನಾರ್ವೆಯಲ್ಲಿ, ತೈಲೋದ್ಯಮಕ್ಕಾಗಿ ಕಟ್ಟುತ್ತಿದ್ದ ಸ್ಲೈಪ್ನರ್ ಎಂಬ ವೇದಿಕೆಯ ಬೃಹತ್ ಕಾಂಕ್ರೀಟ್ ತಳಭಾಗವು ಪರೀಕ್ಷೆಯ ವೇಳೆ ಸಮುದ್ರದಲ್ಲಿ ಮುಳುಗಿತು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. ಗೋಡೆಗಳ ಮೇಲೆ ಬೀಳುವ ಕತ್ತರಿಸುವ ಒತ್ತಡವನ್ನು ಕಂಪ್ಯೂಟರ್ ವಿಶ್ಲೇಷಣೆಯಲ್ಲಿ ಶೇಕಡಾ 47ರಷ್ಟು ಕಡಿಮೆಯಾಗಿ ಅಂದಾಜಿಸಲಾಗಿತ್ತೆಂದು ತನಿಖೆಯಿಂದ ತಿಳಿದುಬಂತು. ಯಂತ್ರ ಕೂಡುವುದರಲ್ಲಿ ತಪ್ಪಲಿಲ್ಲ. ಅದಕ್ಕೆ ಕೊಟ್ಟ ಮಾದರಿಯೇ ಒರಟಾಗಿತ್ತು. ಬಂದ ಉತ್ತರವನ್ನು ಕಂಡು "ಇದು ಹೀಗಿರಲಾರದು" ಎನ್ನುವ ಅರಿವು ಕಾಂಕ್ರೀಟಿನ ಗುಣವನ್ನು ಬಲ್ಲವರಿಂದ ಬರಬೇಕೇ ಹೊರತು ಯಂತ್ರದಿಂದಲ್ಲ.

ವ್ಯಾಪಾರಿಯಾದ ನನಗೆ ಇದು ಅಪರಿಚಿತ ಮಾತಲ್ಲ. ನಮ್ಮ ಅಂಗಡಿಯಲ್ಲಿ ಖಾತೆ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದು ವರ್ಷಗಳಾದವು. ಅದು ನಮೂದುಗಳನ್ನು ಕ್ಷಣದಲ್ಲಿ ಕೂಡಿ ತೋರಿಸುತ್ತದೆ. ಆದರೆ ಒಂದು ನಮೂದೇ ಸುಳ್ಳಾಗಿದ್ದರೆ ಸುಳ್ಳನ್ನೂ ಅಷ್ಟೇ ಚೊಕ್ಕವಾಗಿ ಕೂಡುತ್ತದೆ. ಸರಕನ್ನು ಮುಟ್ಟಿ ನೋಡಿ ಬಲ್ಲವನೇ ಅದನ್ನು ಹಿಡಿಯಬೇಕು.

ಹಾಗೆಂದು ಪ್ರೋಗ್ರಾಮಿಂಗ್ ಕೀಳೆಂದಲ್ಲ. ಆಳಕ್ಕಿಳಿದು ಕಲಿತವರಿಗೆ ಅದೂ ವಿಶೇಷ ವಿದ್ಯೆಯೇ. ಮನೆಯ ಸಾಲ ತೀರಿಸಲು ಆ ದಾರಿ ಹಿಡಿದ ಮಕ್ಕಳನ್ನು ಲೋಭಿಗಳೆನ್ನುವುದು ಅನ್ಯಾಯ. ಕುಟುಂಬದ ಭಾರ ಹೊರುವುದೂ ಕರ್ತವ್ಯವೇ. ದೋಷವಿರುವುದು ಒಲವನ್ನು ವಿಚಾರಿಸದೆ, ನೆರೆಮನೆಯವರ ಸಂಬಳವನ್ನು ಕಂಡು ದಾರಿ ತೋರಿಸುವ ಹಿರಿಯರಲ್ಲಿ. ಈಗಂತೂ ಪ್ರೋಗ್ರಾಮುಗಳನ್ನು ಬರೆದುಕೊಡುವ ಯಂತ್ರಗಳೇ ಬಂದಿವೆ. ಆದರೆ ಅಣೆಕಟ್ಟು ಒಡೆದರೆ ಯಂತ್ರವು ಜನರೆದುರು ನಿಂತು ಉತ್ತರ ಹೇಳಲಾರದು.

ಕೊನೆಗೆ ಸೋದರ ಸೊಸೆಗೆ ಹೀಗೆ ಹೇಳಿದೆ: "ನಿನ್ನ ವಿಷಯವನ್ನು ಬಿಡಬೇಡ ಮಗಳೇ. ಅದಕ್ಕೆ ಬೇಕಾಗುವಷ್ಟು ಪ್ರೋಗ್ರಾಮಿಂಗನ್ನೂ ಕಲಿ. ಎಲ್ಲಿ ತಪ್ಪಾದರೆ ತಪ್ಪನ್ನು ನೀನೇ ಗುರುತಿಸಬಲ್ಲೆಯೋ, ಆ ಹೊಣೆಯನ್ನು ಹೊರಬಲ್ಲೆಯೋ, ಅದೇ ನಿನ್ನ ವಿದ್ಯೆ. ಮೊದಲ ವರ್ಷಗಳಲ್ಲಿ ಸಂಬಳ ಕಡಿಮೆಯಾದೀತು. ಮನೆಯವರೊಡನೆ ನಾನು ಮಾತನಾಡುತ್ತೇನೆ."

ಇಪ್ಪತ್ತು ವರ್ಷಗಳ ಹಿಂದೆ ಆ ಕೊನೆಯ ಮಾತನ್ನು ಹೇಳಬೇಕಾಗಿದ್ದದ್ದು ನನ್ನ ಮಗನಿಗೆ. ಅಂದು ಮಾತನಾಡಿ ಒಪ್ಪಿಸಬೇಕಾಗಿದ್ದ ಮನೆಯವನು ನಾನೇ ಆಗಿದ್ದೆ.