ಸೋತವರ ಮುಂದಿನ ವರ್ಷ

ದೇವದುರ್ಗ ತಾಲೂಕಿನ ಗೂಗಲ್ಲಿನಲ್ಲಿ ಕೃಷ್ಣೆಯ ಈಚೆಯ ದಡ ರಾಯಚೂರು ಜಿಲ್ಲೆಗೂ ಆಚೆಯ ದಡ ಯಾದಗಿರಿ ಜಿಲ್ಲೆಗೂ ಸೇರಿದ್ದರೂ, ಎರಡು ಜಿಲ್ಲೆಗಳ ಕಾಲೇಜುಗಳೂ ಇಂದು ರಾಯಚೂರಿನ ಒಂದೇ ವಿಶ್ವವಿದ್ಯಾಲಯಕ್ಕೆ ಅಧೀನವಾಗಿರುವುದರಿಂದ, ಹೊಳೆಯ ಎರಡು ಕಡೆಯ ಹುಡುಗರು ಕಬಡ್ಡಿಯ ಅಂಕಣದಲ್ಲಿ ಎದುರುಬದುರಾಗುವುದಕ್ಕೆ ಅಡ್ಡಿಯಿಲ್ಲ. ತುಂಗಭದ್ರೆಯ ಒಂದೇ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ, 1997ರವರೆಗೆ ಒಂದೇ ಜಿಲ್ಲೆಯಲ್ಲಿದ್ದ ಸಿಂಧನೂರು ಗಂಗಾವತಿಗಳಿಗಾದರೋ ಆ ಭಾಗ್ಯವಿಲ್ಲ. 1980ರಲ್ಲಿ ಸ್ಥಾಪಿತವಾದ ಗುಲ್ಬರ್ಗ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಗಳಲ್ಲಿ ಒಂದೇ ಪ್ರಶಸ್ತಿಗೆ ಸೆಣಸಬಹುದಾಗಿದ್ದ ಈ ಊರುಗಳ ಕಾಲೇಜುಗಳು, 2010ರಲ್ಲಿ ಬಳ್ಳಾರಿಯ ವಿಶ್ವವಿದ್ಯಾಲಯವು ಉದಯಿಸಿ ಗಂಗಾವತಿಯೂ ಸೇರಿದ ಕೊಪ್ಪಳ ಜಿಲ್ಲೆಯವು ಅತ್ತ ಸರಿದೊಡನೆ, ಬೇರೆ ಬೇರೆ ಪಟ್ಟಿಗಳಲ್ಲಿ ಸೇರಿಹೋದುವು. ಪರೀಕ್ಷೆ ಪದವಿಗಳ ಸೌಕರ್ಯಕ್ಕಾಗಿ ಎಳೆದ ಗೆರೆ ಆಟದ ಬಯಲನ್ನೂ ಸೀಳಿತು. ಆ ಗೆರೆ ತಪ್ಪೆಂದು ನಾನೆನ್ನಲಾರೆ. ಅಂಕಪಟ್ಟಿಯ ಒಂದು ತಿದ್ದುಪಡಿಗಾಗಿ ಕಲಬುರಗಿಯ ಬಸ್ಸು ಹತ್ತಿದವರು ಅದನ್ನು ಹರಸಿಯಾರು.

ಹೀಗೆ ಕಡಿದುಹೋದ ಸ್ಪರ್ಧೆಯನ್ನು ಮರಳಿ ಎಬ್ಬಿಸುವುದು ಸಾಧ್ಯವೆ? ಸಾಧ್ಯವಾದರೂ ಎದ್ದದ್ದು ಹಳೆಯದೆ, ಹೊಸದೆ? ಆಡುವವರನ್ನು ನೋಡಿದರೆ ಉತ್ತರ ನಿರಾಶಾದಾಯಕ: ಪದವಿ ಕಾಲೇಜಿನ ವಿದ್ಯಾರ್ಥಿ ಮೂರು ವರ್ಷಕ್ಕೆ ಹೊರಟುಹೋಗುವವನಾದುದರಿಂದ, 2010ರಿಂದೀಚೆಗೆ ನಾಲ್ಕೈದು ಪೀಳಿಗೆಗಳು ತಮ್ಮ ಎದುರಾಳಿಯ ಮುಖವನ್ನೇ ಕಾಣದೆ ಕಳೆದಿವೆ. ಆದರೆ ಸ್ಪರ್ಧೆಯ ನೆನಪು ಆಟಗಾರನೊಬ್ಬನಲ್ಲೇ ಉಳಿಯುವಂಥದಲ್ಲ. ಅಮೆರಿಕದ ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯಗಳು 1894ರಲ್ಲಿ ಆರಂಭಿಸಿದ ಫುಟ್‌ಬಾಲ್ ಜಿದ್ದು, ಎರಡನೆಯದು ಬೇರೊಂದು ಕೂಟಕ್ಕೆ ಹೊರಟುದರಿಂದ 2011ರಲ್ಲಿ ನಿಂತಿತಾದರೂ, ಆಟವೇ ಇಲ್ಲದ ಆ ವರ್ಷಗಳಲ್ಲಿಯೂ ಎ ಅಂಡ್ ಎಮ್‌ನವರು ಎದುರಾಳಿಯನ್ನು ಹಳಿಯುವ ತಮ್ಮ ಕಾಲೇಜುಗೀತೆಯನ್ನು ಬಿಡದೆ ಹಾಡಿದರು. 2024ರಲ್ಲಿ ಟೆಕ್ಸಾಸ್ ಕೂಡ ಅದೇ ಕೂಟವನ್ನು ಸೇರಲು ಪಂದ್ಯ ಮರಳಿತು. ಟೆಕ್ಸಾಸ್ 17–7ರಿಂದ ಗೆದ್ದಿತು. ಒಡೆದದ್ದೂ ಕೂಡಿಸಿದ್ದೂ ಬಹುಮಟ್ಟಿಗೆ ಹಣದ ಲೆಕ್ಕವೇ, ಆದರೆ ಲೆಕ್ಕ ಸರಿಹೊಂದುವವರೆಗೆ ಹಗೆಯನ್ನು ಕಾಪಾಡಿದವರು ಹಳೆಯ ವಿದ್ಯಾರ್ಥಿಗಳು. ನಮ್ಮಲ್ಲಿ ಅಂಥ ಹಾಡಿಲ್ಲ, ಹಳೆಯ ವಿದ್ಯಾರ್ಥಿ ಸಂಘಗಳಿಗೆ ಸನ್ಮಾನ ಸಮಾರಂಭಗಳಾಚೆ ಉತ್ಸಾಹವಿಲ್ಲ. ನೆನಪಿನ ಭಾರವೆಲ್ಲ ಬಹುಶಃ ದೈಹಿಕ ಶಿಕ್ಷಣದ ಒಬ್ಬ ಉಪನ್ಯಾಸಕರ ಹೆಗಲ ಮೇಲಿರುತ್ತದೆ, ಅವರಿಗೂ ವರ್ಗಾವಣೆಯುಂಟು.

ಸ್ಪರ್ಧೆಯ ಸ್ವರೂಪವಾದರೂ ಏನು? ಗೆಲ್ಲುವ ಆಸೆ ಯಾವ ಎದುರಾಳಿಯ ಮೇಲಾದರೂ ಹುಟ್ಟುವುದು. ನಿರ್ದಿಷ್ಟವಾದ ಎದುರಾಳಿಯೊಬ್ಬನಿಂದ ದೊರೆಯುವ ವಿಶೇಷವೆಂದರೆ, ಸೋತವನಿಗೆ "ಮುಂದಿನ ವರ್ಷ ನೋಡೋಣ" ಎನ್ನುವ ಅಧಿಕಾರ. ಈ ಅಧಿಕಾರವೇ ಸೋಲನ್ನು ಸಹ್ಯವಾಗಿಸುತ್ತದೆ, ಗೆಲುವಿನ ಸೊಕ್ಕಿಗೂ ಗಡುವನ್ನಿಡುತ್ತದೆ. ಬರುವ ವರ್ಷ ಆ ಎದುರಾಳಿ ಬಂದೇ ಬರುವನೆಂಬ ಭರವಸೆಯು ಕುಸಿದರೆ, ಕಟ್ಟಕಡೆಯಲ್ಲಿ ಸೋತವರು ಎಂದೆಂದಿಗೂ ಸೋತವರಾಗಿಯೇ ಉಳಿಯುತ್ತಾರೆ. ಅದಕ್ಕಾಗಿಯೇ ಒಮ್ಮೆ ಏರ್ಪಡಿಸಿ, ಶಾಲು ಹೊದಿಸಿ, ಫೋಟೋ ತೆಗೆಸಿ ಮುಗಿಸುವ ಸೌಹಾರ್ದ ಪಂದ್ಯದಿಂದ ಏನೂ ಪುನರುಜ್ಜೀವನಗೊಳ್ಳದು. ಎರಡನೆಯ ಪಂದ್ಯದ ದಿನಾಂಕ ಮೊದಲನೆಯದರೊಡನೆಯೇ ನಿಶ್ಚಯವಾಗಿರಬೇಕು. ಈ ಸಂಬಂಧವು ಕಚೇರಿಯ ಪಟ್ಟಿಯೊಂದರಿಂದ ಹುಟ್ಟಿದ್ದರಿಂದ ಕೃತಕವೆಂದು ಮೂಗು ಮುರಿಯುವವರಿಗೆ ನನ್ನ ಉತ್ತರ ಇಷ್ಟೆ: ಪಟ್ಟಿಯು ಜೋಡಿಯನ್ನು ಕೊಡಬಲ್ಲದು, ಜಿದ್ದನ್ನು ಕೊಡಲಾರದು.

ಹೀಗಿರುವಾಗ ವಿಶ್ವವಿದ್ಯಾಲಯಗಳ ಅನುಗ್ರಹಕ್ಕೆ ಕಾಯುವುದೇಕೆ? ಅವು ತಮ್ಮ ತಮ್ಮ ತಂಡಗಳನ್ನು ಆರಿಸಿ ದಕ್ಷಿಣ ವಲಯದ ಪಂದ್ಯಗಳಿಗೆ ಕಳುಹಿಸಲಿ; ಕಾಲೇಜುಗಳು ಪರಸ್ಪರ ಪತ್ರ ಬರೆದುಕೊಂಡರೆ ಸಾಕು. ಪ್ರಯಾಣವೆಚ್ಚದ ತಕರಾರು ಬಂದೇ ಬರುತ್ತದೆ, ಆದರೆ ಸಿಂಧನೂರು ಗಂಗಾವತಿಗಳ ನಡುವಿನ ಬಸ್ಸಿನ ದರಕ್ಕೆ ಹೆದರುವ ಕ್ರೀಡಾನಿಧಿಯು ಕ್ರೀಡೆಯ ಹೆಸರನ್ನೇ ಕೈಬಿಡುವುದು ಲೇಸು. ಮೊದಲ ವರ್ಷ ಯಾರ ಬಯಲಿನಲ್ಲೆಂಬುದಕ್ಕೆ ನಾಣ್ಯ ಚಿಮ್ಮಲಿ. ಎರಡನೆಯ ವರ್ಷದಿಂದ ಪಂದ್ಯವು ಸೋತವರ ಊರಿನಲ್ಲಿಯೇ ನಡೆಯಬೇಕು, ಗೆದ್ದವರು ಅಲ್ಲಿಗೆ ಹೋಗಿ, ಆ ಊರಿನ ಊಟವನ್ನುಂಡು, ಆ ಊರಿನ ಬೈಗುಳವನ್ನೂ ಕೇಳಿ ಬರಬೇಕು.