ಯಾವ ಕವಚವನ್ನು ತೊಡಬೇಕು?

ಓದತಕ್ಕ ವಾಕ್ಯಭಾಗ: 1 ಸಮುವೇಲ 17:31–40

ಪ್ರಿಯರೇ, ಹತ್ತನೆಯ ತರಗತಿಯ ಪರೀಕ್ಷೆಯ ಫಲವು ಹೊರಟ ಮೇಲೆ ಬಸವಕಲ್ಯಾಣ, ಹುಮನಾಬಾದು ಸೀಮೆಯ ನಮ್ಮ ಸಭೆಗಳ ಯೌವನಸ್ಥರಲ್ಲಿ ಕೆಲವರು ಭೂಸೇನೆ, ನೌಕಾಪಡೆ, ವಾಯುಪಡೆ ಈ ಮೂರರಲ್ಲಿ ಯಾವದನ್ನು ಸೇರುವದು ಲೇಸೆಂದು ವಿಚಾರಿಸುತ್ತಾರೆ. ತೊಗರಿಯ ಬೆಳೆ ಕೆಟ್ಟ ಮನೆಗಳಲ್ಲಿ ಇದು ಅನ್ನದ ಪ್ರಶ್ನೆಯೂ ಆಗಿದೆ. ಆದಕಾರಣ ಇದನ್ನು ದೇವರ ವಾಕ್ಯದ ಬೆಳಕಿನಲ್ಲಿ ಆಲೋಚಿಸೋಣ.

ದಾವೀದನು ಗೊಲ್ಯಾತನಿಗೆ ಎದುರಾಗಿ ಹೊರಟಾಗ ಸೌಲನು ತನ್ನ ಸ್ವಂತ ಯುದ್ಧವಸ್ತ್ರವನ್ನು ಅವನಿಗೆ ತೊಡಿಸಿದನು. ಅರಸನ ಉಡುಪಿಗಿಂತ ಮಾನವುಳ್ಳದ್ದು ಬೇರೇನಿತ್ತು? ಆದರೂ ಅದರಲ್ಲಿ ತನಗೆ ಅಭ್ಯಾಸವಿಲ್ಲವೆಂದು ದಾವೀದನು ಅದನ್ನು ತೆಗೆದಿಟ್ಟು, ಕುರಿ ಕಾಯುವ ದಿನಗಳಿಂದ ಬಲ್ಲ ಕವಣೆಯನ್ನೇ ಹಿಡಿದನು.

ಹಾಗೆಯೇ ಯೌವನಸ್ಥನೇ, ಬೀದರಿನ ನಿಲ್ದಾಣದಿಂದ ಏರುವ ವಿಮಾನವು ಕಣ್ಣಿಗೆ ಚೆಂದವೆಂದಾಗಲಿ, ಗೆಳೆಯನು ಹೋದನೆಂದಾಗಲಿ ಆರಿಸಬೇಡ. ಗಣಿತವೂ ಭೌತಶಾಸ್ತ್ರವೂ ನಿನಗೆ ಹತ್ತುವದಾದರೆ ಇನ್ನೆರಡು ವರುಷ ಓದಿ ಪದವಿಪೂರ್ವ ಶಿಕ್ಷಣವನ್ನು ಮುಗಿಸು. ಆಗ ವಾಯುಪಡೆಯಲ್ಲಿಯೂ ನೌಕಾಪಡೆಯಲ್ಲಿಯೂ ಹೆಚ್ಚು ಬಾಗಲುಗಳು ತೆರೆಯುವವು. ಅಧಿಕಾರಿಗಳನ್ನು ಸಿದ್ಧಪಡಿಸುವ ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಯನ್ನೂ ಬರೆಯಬಹುದು. 2021ರಿಂದ ನಮ್ಮ ಹೆಣ್ಣುಮಕ್ಕಳಿಗೂ ಆ ಅವಕಾಶವುಂಟು. ಹತ್ತನೆಯ ತರಗತಿಯಷ್ಟೇ ಓದಿ, ಓಟದಲ್ಲಿಯೂ ದುಡಿಮೆಯಲ್ಲಿಯೂ ಗಟ್ಟಿಯಾದವನಿಗೆ ಭೂಸೇನೆಯಲ್ಲಿ ಸ್ಥಳವಿದೆ. ಸಮುದ್ರವನ್ನೇ ಕಾಣದವನು ಹಡಗಿನ ಬಾಳು ಎಂಥದೆಂದು ಮೊದಲು ಬಲ್ಲವರಿಂದ ಕೇಳಿಕೊಳ್ಳಲಿ.

ಎರಡನೆಯದಾಗಿ, ಸೈನ್ಯದಲ್ಲಿ ಅಡಿಗೆಯವನೂ ಅಗಸನೂ ಕ್ಷೌರಿಕನೂ ಬೇಕು. ಇವು ಹೀನವಾದ ಕೆಲಸಗಳೆಂದು ನಾಚುವವರುಂಟು. ಬೆಸೋರ್ ಹಳ್ಳದ ಬಳಿಯಲ್ಲಿ ಸಾಮಾನು ಕಾದವರಿಗೂ ಯುದ್ಧಕ್ಕೆ ಹೋದವರಿಗೂ ಸಮಪಾಲು ಸಲ್ಲಬೇಕೆಂದು ದಾವೀದನೇ ಕಟ್ಟಳೆ ಮಾಡಿದನಲ್ಲವೇ (1 ಸಮುವೇಲ 30:24)? ಮನುಷ್ಯರು ಮೇಲುಕೀಳೆಂದು ಎಣಿಸುವದನ್ನು ಕರ್ತನು ಹಾಗೆ ಎಣಿಸುವದಿಲ್ಲ.

ಮೂರನೆಯದಾಗಿ, ಸಿಪಾಯಿಗಳು ಸ್ನಾನಿಕನಾದ ಯೋಹಾನನ ಬಳಿಗೆ ಬಂದು ತಾವೇನು ಮಾಡಬೇಕೆಂದು ಕೇಳಿದಾಗ, ಅವನು ಯಾವ ದಂಡು ದೊಡ್ಡದೆಂದು ಹೇಳಲಿಲ್ಲ. ಬಲಾತ್ಕಾರದಿಂದ ಸುಲಿಯಬಾರದು, ಸುಳ್ಳು ದೂರು ಹೇಳಬಾರದು, ಸಂಬಳದಲ್ಲಿ ತೃಪ್ತರಾಗಿರಬೇಕು ಎಂದನು (ಲೂಕ 3:14). ಆಯುಧದ ಎರಡು ಮುಖಗಳನ್ನೂ ನಮ್ಮ ಸೀಮೆಯು ಕಂಡಿದೆ. ನಿಜಾಮರ ಆಳಿಕೆಯ ಕೊನೆಯಲ್ಲಿ ರಜಾಕಾರರು ಹಳ್ಳಿಗಳನ್ನು ಸುಲಿದರು. 1948ರ ಸೆಪ್ಟೆಂಬರಿನಲ್ಲಿ ಸೋಲಾಪುರದ ಕಡೆಯಿಂದ ಹುಮನಾಬಾದಿನ ಮಾರ್ಗವಾಗಿ ಬಂದ ಭಾರತದ ಸೇನೆಯು ಅವರ ಹಾವಳಿಯನ್ನು ನಿಲ್ಲಿಸಿತು. ತರುವಾಯ ನಡೆದ ಸೇಡಿನಲ್ಲಿ ನಿರಪರಾಧಿಗಳಾದ ಮುಸಲ್ಮಾನರು ಅನೇಕರು ಹತರಾದರು. ಬಹಳವಾಗಿ ನೊಂದ ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಪಂಡಿತ ಸುಂದರಲಾಲರ ಸಮಿತಿಯು ಬರೆದಿಟ್ಟಿತು. ಆದದರಿಂದ ಯಾವ ಪಡೆಯನ್ನು ಸೇರಿದರೂ, ಬಲಹೀನನ ಮುಂದೆ ನಿಂತಾಗ ನಿನ್ನ ಕೈ ಏನು ಮಾಡುವದೆಂಬದೇ ದೇವರು ಕೇಳುವ ಪ್ರಶ್ನೆ. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದವನನ್ನು ನಾವು ಹೇಡಿಯೆನ್ನದಿರೋಣ.

ತಂದೆತಾಯಿಗಳೇ, ನಿಮಗೂ ಒಂದು ಮಾತು. 2022ರಲ್ಲಿ ಸರಕಾರವು ಪ್ರಕಟಿಸಿದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ 4 ವರುಷ. ನೂರಕ್ಕೆ 25 ಮಂದಿಯವರೆಗೆ ಮಾತ್ರ ಮುಂದುವರಿಸುವದೆಂದು ಗೊತ್ತುಮಾಡಲಾಯಿತು. ಉಳಿದವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯುಂಟು, ನಿವೃತ್ತಿ ವೇತನವಿಲ್ಲ. ಆ ನಿಧಿಯ ಅರ್ಧವು ಮಗನ ಸಂಬಳದಿಂದಲೇ ತಿಂಗಳು ತಿಂಗಳಿಗೆ ಹಿಡಿದದ್ದು. ಅದನ್ನು ನೆಚ್ಚಿ ಇಂದೇ ಸಾಲ ಮಾಡಬೇಡಿರಿ. ಕೆಲಸ ಕೊಡಿಸುವೆನೆನ್ನುವ ದಲ್ಲಾಳಿಗೆ ಒಂದು ಕಾಸನ್ನೂ ಕೊಡಬೇಡಿರಿ. ಸುಳ್ಳು ಪತ್ರದಿಂದ ಒಳಹೊಕ್ಕವನು ಯೋಹಾನನ ಮಾತನ್ನು ಮೊದಲ ದಿನವೇ ಮೀರಿದವನು.

ನಾಲ್ಕು ವರುಷ ಕಳೆದು ಹಿಂದಿರುಗುವವನನ್ನು ಸೋತುಬಂದವನೆಂದು ನಗದೆ, ಸಭೆಯು ಅವನಿಗೆ ದುಡಿಮೆಯ ದಾರಿಯನ್ನು ಹುಡುಕಿಕೊಡಲಿ. ಗಡಿಯಲ್ಲಿಯೂ ಸಮುದ್ರದಲ್ಲಿಯೂ ಆಕಾಶದಲ್ಲಿಯೂ ಇರುವ ನಮ್ಮ ಮಕ್ಕಳನ್ನು ಕರ್ತನು ಕಾಯಲಿ. ಅವರ ಕೈಗಳನ್ನು ಅನ್ಯಾಯದಿಂದ ದೂರವಿಡಲಿ. ಆಮೆನ್.